ಮಂದ ತಲೆ

ನನ್ನ ನೆಗೆಣ್ಣಿಯ ತವರು ಸವಣೂರು, ನನ್ನದು ಹಿರೇಕೆರೂರು. ತೊಂದರೆಯೆಲ್ಲ ಅಲ್ಲಿಂದಲೇ ಶುರುವಾಯಿತೆಂದು ನಾನು ಈಗಲೂ ನಂಬಿದ್ದೇನೆ. ಹಾನಗಲ್ಲಿನ ಆ ಮನೆಗೆ ಮೊದಲು ಸೊಸೆಯಾಗಿ ಬಂದವಳು ನಾನು. ನಾಲ್ಕಾರು ವರ್ಷಗಳ ಮೇಲೆ ಮೈದುನನ ಕೈಹಿಡಿದು ಅವಳು ಬಂದಳು. ಮಗಳನ್ನು ನೋಡಲು ಬರುವಾಗಲೆಲ್ಲ ಅವಳ ಅಪ್ಪ ಒದ್ದೆ ಅರಿವೆಯಲ್ಲಿ ಸುತ್ತಿದ ಸವಣೂರಿನ ಎಲೆಯ ಕಟ್ಟು ತರುತ್ತಿದ್ದರು. ನಮ್ಮ ಅತ್ತೆಯದು ಸದಾ ಎಲೆ ಅಡಿಕೆ ಮೆಲ್ಲುವ ಬಾಯಿ. ಆ ಎಲೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು, "ಬೆಣ್ಣಿ ಇದ್ದಂಗ ಐತಿ" ಎಂದು ಕಣ್ಣು ಮುಚ್ಚುತ್ತಿದ್ದರು. ನನ್ನ ಅಪ್ಪ ತರುತ್ತಿದ್ದುದು ಒಣಮೆಣಸಿನಕಾಯಿ. ಚೀಲದ ಬಾಯಿ ಬಿಚ್ಚುವ ಮೊದಲೇ ಅತ್ತೆ ಸೀನಲು ಶುರುಮಾಡುತ್ತಿದ್ದರು. ಸೀನುತ್ತಿರುವವರಿಂದ ಪ್ರೀತಿಯನ್ನು ಬಯಸುವುದು ಕಷ್ಟ.

ಇದು ಸಾಲದೆಂಬಂತೆ ಅವಳ ಕೂದಲು. ಬಿಚ್ಚಿದರೆ ಮೊಣಕಾಲು ಮುಟ್ಟುತ್ತಿತ್ತು. ನನ್ನ ಜಡೆಯನ್ನು ಒಮ್ಮೆ ನೆರೆಮನೆಯ ಮುದುಕಿ ಇಲಿಯ ಬಾಲವೆಂದಿದ್ದಳು. ಆಕೆ ತೀರಿಕೊಂಡು ಎಷ್ಟೋ ಕಾಲವಾದರೂ ನಾನಿನ್ನೂ ಅದನ್ನು ಮರೆತಿಲ್ಲ. ನನ್ನ ಹೊಟ್ಟೆಯೊಳಗೆ ಕಿಚ್ಚು ಹೊತ್ತಿ ಉರಿಯಲಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ, ಸದ್ದಿಲ್ಲದೆ ಹಗಲೆಲ್ಲ ಕಾಯುತ್ತಿತ್ತು. ಒಲೆಯ ಮುಂದೆ ಕೂತಾಗ, ಕೌದಿ ಹೊಲಿಯುವಾಗ, ಕಾಳು ಹಸನು ಮಾಡುವಾಗ ನನ್ನ ಕಣ್ಣು ಅವಳ ಮೇಲೆಯೇ. ಅವಳು ಎಷ್ಟು ಸಲ ನಕ್ಕಳು, ಅತ್ತೆ ಅವಳ ತಟ್ಟೆಗೆ ಎಷ್ಟು ತುಪ್ಪ ಬಿಟ್ಟರು, ಮೈದುನ ಯಾವ ನೆಪ ಹೇಳಿ ಅಡಿಗೆ ಮನೆಗೆ ಬಂದ, ಎಲ್ಲ ನನಗೆ ಗೊತ್ತಿತ್ತು. ನನ್ನ ಗಂಡ ಹೊರಗೆ ಹೋಗುವಾಗ ಯಾವ ಅಂಗಿ ಹಾಕಿಕೊಂಡಿದ್ದರೆಂದು ಕೇಳಿದರೆ ಮಾತ್ರ ಹೇಳಲಾರೆ.

ಹಾಗೆ ನೋಡುತ್ತಿದ್ದುದರಿಂದಲೇ ಅವಳ 'ಸೊಕ್ಕು' ಮೊದಲು ಕಂಡದ್ದೂ ನನಗೆ. ಏನಾದರೂ ಕೇಳಿದರೆ ಒಮ್ಮೊಮ್ಮೆ ಉತ್ತರವೇ ಇಲ್ಲ. ಕಣ್ಣು ನನ್ನ ಕಡೆಗೇ ಇರುತ್ತಿತ್ತು, ಆದರೆ ನನ್ನ ಹಿಂದಿನ ಗೋಡೆಯನ್ನು ನೋಡುವವಳ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗದವಳಂತೆ, "ಏನಂದ್ರಿ ಅಕ್ಕಾ?" ಎನ್ನುತ್ತಿದ್ದಳು. ಇದು ನನಗೊಬ್ಬಳಿಗೇ ಮೀಸಲಾದ ಅವಮಾನವೆಂದು ನಾನು ತಿಳಿದಿದ್ದೆ. ಒಂದು ದಿನ ಅತ್ತೆಗೂ ಹಾಗೇ ಆಯಿತು. ಬೀಗರು ಊಟಕ್ಕೆ ಕೂತಿದ್ದರು. ಮಜ್ಜಿಗೆ ಬಡಿಸುತ್ತಿದ್ದವಳು ಬಡಿಸುತ್ತಲೇ ನಿಂತಳು. ಬಟ್ಟಲು ತುಂಬಿ, ತಟ್ಟೆ ತುಂಬಿ, ಬೀಗರ ಧೋತರ ತೊಯ್ದರೂ ನಿಲ್ಲಿಸಲಿಲ್ಲ. ಅತ್ತೆ ಕೂಗಿದರೆ ತಿರುಗಿ ಕೂಡ ನೋಡಲಿಲ್ಲ.

"ನನ್ನ ಮಾತಿಗೂ ಕಿಮ್ಮತ್ತಿಲ್ಲೇನ ಇಕಿಗೆ? ಸೋಗು! ಎಲ್ಲಾ ಸೋಗು!" ಎಂದರು ಅತ್ತೆ.

ಆ ಹೊತ್ತಿಗೆ ನಾನು ಖುಷಿಪಡಬೇಕಿತ್ತು. ಆದರೆ ಚಿಂತೆ ನನ್ನ ಹುಟ್ಟುಗುಣ. ಬಸ್ಸು ತಡವಾದರೆ ಎಲ್ಲೋ ಉರುಳಿದೆ, ಬೇಗ ಬಂದರೆ ಯಾರನ್ನೋ ಬಿಟ್ಟು ಬಂದಿದೆ ಎನ್ನುವವಳು ನಾನು. ಅವಳು ಒಲೆಯ ಮುಂದೆ ಕೂತಾಗ ಹೀಗಾದರೆ ಏನು ಗತಿ, ಸೆರಗಿಗೆ ಬೆಂಕಿ ಹತ್ತಿದರೆ ಆರಿಸುವವರು ಯಾರು, ಆರಿಸಲು ಓಡಿದ ನನ್ನ ಸೆರಗಿಗೂ ಹತ್ತಿದರೆ? ಹೀಗೆ ಅವಳ ಮೇಲಿನ ಸಿಟ್ಟೂ ಅವಳ ಚಿಂತೆಯೂ ನನ್ನೊಳಗೆ ಒಂದೇ ಒಲೆಯಲ್ಲಿ ಬೇಯುತ್ತಿದ್ದವು.

ಊರಿನ ಡಾಕ್ಟರು ನೋಡಿ, ಇದು ಮೂರ್ಛೆರೋಗದ ಒಂದು ಬಗೆ ಇರಬಹುದು, ದೊಡ್ಡ ಊರಿನ ದವಾಖಾನೆಯಲ್ಲಿ ತಲೆಯ ಕರೆಂಟು ಅಳೆಯುವ ಯಂತ್ರ ಬಂದಿದೆ, ತೋರಿಸಿಕೊಂಡು ಬನ್ನಿ ಎಂದರು. ಅರವತ್ತರ ದಶಕದ ನಡುವಿನ ಮಾತು. ನಮ್ಮ ಓಣಿಗೇ ಆಗಷ್ಟೇ ಕರೆಂಟು ಬಂದಿತ್ತು. ತಲೆಯಲ್ಲೂ ಇರುತ್ತದೆ ಎಂದರೆ ಯಾರು ನಂಬಬೇಕು? ಅತ್ತೆ ಅಡಕೊತ್ತು ಕೆಳಗಿಟ್ಟು ಮೈದುನನಿಗೆ ತೀರ್ಮಾನ ಹೇಳಿದರು.

"ಹೋಗಿ ಬರ್ರಿ. ಯಂತ್ರದಾಗ ರೋಗ ಐತಿ ಅಂತ ಬಂತಂದ್ರ ಔಷಧ ಕೊಡಸೋಣು, ನನ್ನ ಮಗಳ ಹಂಗ ಇಟಗೋತೇನಿ. ಬರಲಿಲ್ಲಂದ್ರ ಸೋಗು. ಸೋಗಲಾಡಿನ್ನ ಸವಣೂರಿಗೆ ಬಿಟ್ಟು ಬಾ. ಮುಂದಿಂದು ಮುಂದ ನೋಡೋಣು."

ಮುಂದಿನದು ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಡೂರಿನ ಕಡೆ ಒಂದು ಹುಡುಗಿ ಇದ್ದಾಳೆಂಬ ಮಾತು ಆಗಲೇ ಪಡಸಾಲೆಯಲ್ಲಿ ಸುಳಿದಾಡುತ್ತಿತ್ತು.

ಇಷ್ಟು ಬಿರುಸಿನ ಮಾತಾಡಿದ ಅದೇ ಅತ್ತೆ, ಹೊರಡುವ ಹಿಂದಿನ ದಿನ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಔಡಲ ಎಣ್ಣೆ ಹಚ್ಚಿದರು. ತಲೆಗೆ ಕರೆಂಟು ಹತ್ತಿಸುತ್ತಾರಂತೆ, ಕಾದೀತು, ಎಣ್ಣೆಯಿದ್ದರೆ ತಂಪು ಎಂಬುದು ಅವರ ಲೆಕ್ಕ. ತಂಬಿಗೆಯ ತಳ ಕಾಣುವವರೆಗೆ ಹಚ್ಚಿದರು, ತಟ್ಟಿದರು, ತಿಕ್ಕಿದರು. ಎಣ್ಣೆ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಮನೆಗೆ ಬಂದಾಗಿನಿಂದ ಆ ಕೈ ನನ್ನ ನೆತ್ತಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ನನಗೂ ಭಾಳ ದಿನದಿಂದ ತಲಿ ನೋಯಾಕತ್ತೈತ್ರಿ, ಅತ್ತಿ," ಎಂದೆ.

"ನಿನ್ನ ತಲಿಗೇನ ಧಾಡಿ? ಗುಂಡಕಲ್ಲ ಇದ್ದಂಗ ಐತಿ," ಎಂದರು ಅತ್ತೆ, ತಿಕ್ಕುವ ಕೈ ನಿಲ್ಲಿಸದೆ.

ಹೆಂಗಸಿನ ಜೊತೆಗೆ ಹೆಂಗಸು ಬೇಕೆಂದು ನನ್ನನ್ನೂ ಕಳಿಸಿದರು. ಕಿಟಕಿಯ ಸೀಟು ಅವಳಿಗೆ. ಅವಳ ಗಂಟನ್ನು ಮೈದುನ ಹೊತ್ತ. ನನ್ನ ಗಂಟನ್ನು ನಾನು ಹೊತ್ತೆ.

ಶಿಗ್ಗಾವಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಮೈದುನ ಬಾಳೆಹಣ್ಣು ತರಲು ಹೋದ. ನಾನು ಚಾ ತರಿಸಿ, ಕುಡಿಯುತ್ತೀಯಾ ಎಂದು ಅವಳನ್ನು ಕೇಳಿದೆ. ಉತ್ತರವಿಲ್ಲ. ಬಂತು ಸೊಕ್ಕು ಎಂದುಕೊಂಡೆ. ಅಂದು ಬಿಡುವಿತ್ತು, ಬೆಳಕಿತ್ತು, ಅವಳ ಮುಖ ಮೊಳದ ದೂರದಲ್ಲಿತ್ತು. ಎಂದಿನಂತೆ ನೋಡಿದೆ. ತುಟಿ ಏನನ್ನೋ ಸವಿಯುವಂತೆ ಚಪ್ಪರಿಸುತ್ತಿತ್ತು, ಬಾಯಲ್ಲಿ ಮಾತ್ರ ಏನೂ ಇರಲಿಲ್ಲ. ಎಡಗೈ ಸೆರಗಿನ ಅಂಚನ್ನು ಹಿಡಿದು ಎಳೆ ಕೀಳುವಂತೆ ಎಳೆಯುತ್ತಿತ್ತು. ಮಜ್ಜಿಗೆಯ ದಿನವೂ ಅದೇ ಎಡಗೈ, ಅದೇ ಅಂಚು. ಅದಕ್ಕೂ ಮೊದಲು ಹಿತ್ತಲಲ್ಲಿ ನಾನು ಅವಳೊಡನೆ ಜಗಳ ತೆಗೆದಾಗಲೂ ಅದೇ. ಹೊಸ ಸೀರೆಯ ಅಂಚನ್ನು ನನಗೆ ತೋರಿಸಿ ಉರಿಸುತ್ತಿದ್ದಾಳೆಂದು ನಾನು ಆಗ ತಿಳಿದಿದ್ದೆ.

ಆಮೇಲೆ ಅವಳು ನಿದ್ದೆಯಿಂದೆದ್ದವಳ ಹಾಗೆ ನೋಡಿ, "ಅಕ್ಕಾ, ಶಿಗ್ಗಾವಿ ಬಂತೇನ್ರಿ?" ಎಂದಳು.

"ಬಂದು ಎಷ್ಟೊತ್ತಾತು! ಚಾನೂ ಆರಿತು. ಈಗೇನಾತು ನಿನಗ?"

"ಹೊಟ್ಟ್ಯಾಗಿಂದ ಏನೋ ಮ್ಯಾಲೆ ಎದ್ದಂಗ ಆಕ್ಕೈತ್ರಿ. ಎದಿ ತನಾ ಬರ್ತೈತಿ. ಆಮ್ಯಾಲೆ ಗೊತ್ತಾಗೂದಿಲ್ರಿ."

ಅವಳ ಕಣ್ಣಲ್ಲಿ ನೀರಿತ್ತು. ಆರಿದ ಚಾ ನಾನೇ ಕುಡಿದೆ.

ದೊಡ್ಡ ಊರಿನ ದವಾಖಾನೆಯಲ್ಲಿ ನಮ್ಮನ್ನು ನೋಡಿದವರು ಒಬ್ಬ ಡಾಕ್ಟರಬಾಯಿ. ಧಾರವಾಡದ ಕಡೆಯವರಂತೆ. ನನ್ನದೇ ವಯಸ್ಸು. ಕೈಯಲ್ಲಿ ಗಡಿಯಾರ, ಇಸ್ತ್ರಿ ಮಾಡಿದ ಸೀರೆ, ಎದುರಿಗೆ ಕೈಕಟ್ಟಿ ನಿಂತ ಗಂಡಸರು. ನನಗೆ ಹೊಟ್ಟೆಕಿಚ್ಚು ಪಡಲು ಇನ್ನೊಬ್ಬರು ಸಿಕ್ಕರು. ಅವರು ನೆಗೆಣ್ಣಿಯ ನೆತ್ತಿಯ ಮೇಲೆ ಬೆರಳಿಟ್ಟು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಏನವಾ, ತಲಿ ತೊಗೊಂಡು ಎಣ್ಣಿ ಡಬ್ಬಿಯೊಳಗ ಅದ್ದಿ ತಂದೀರೇನು?"

"ನಮ್ಮತ್ತಿ ಹಚ್ಚ್ಯಾರ್ರಿ. ನೀವು ಕರೆಂಟ್ ಹಾಕಿದ್ರ ಕಾಯಬಾರದಂತ," ಎಂದೆ.

"ನಾವು ಕರೆಂಟು ಹಾಕೂದಿಲ್ರಿ. ನಿಮ್ಮ ತಲಿಯೊಳಗ ಇದ್ದದ್ದನ್ನ ಕೇಳಿಸಿಕೊಳ್ಳೂದು. ಭಾಳ ಸಣ್ಣದಿರ್ತದ. ಎಣ್ಣಿ ನಡುವ ಬಂದ್ರ ಅಷ್ಟೂ ಸಿಗೂದಿಲ್ಲ."

ಆದರೂ ಒಮ್ಮೆ ನೋಡೋಣವೆಂದು ಯಂತ್ರ ನಡೆಸುವವರಿಗೆ ಹೇಳಿದರು. ಪಾಕದಂಥ ಅಂಟು ಹಚ್ಚಿ ಬೆಳ್ಳಿಯ ಪುಟ್ಟ ಬಟ್ಟಲುಗಳನ್ನು ಅವಳ ತಲೆಗೆ ಕೂರಿಸಿದರು. ಕೂರಿಸಿದ್ದು ಜಾರಿತು. ಮತ್ತೆ ಕೂರಿಸಿದರೆ ಮತ್ತೆ ಜಾರಿತು. ಕಾಗದದ ಮೇಲೆ ಓಡಾಡಬೇಕಾದ ಮುಳ್ಳುಗಳು ಒಮ್ಮೆ ಹುಚ್ಚು ಹಿಡಿದಂತೆ ಗೀಚಿದವು, ಒಮ್ಮೆ ಸತ್ತಂತೆ ಮಲಗಿದವು. ಕೆಟ್ಟದ್ದು ತಲೆಯೋ ಯಂತ್ರವೋ ಎಂದು ಅವರಿಗೇ ಅನುಮಾನ ಬಂತು. ಎಣ್ಣೆಯಿಲ್ಲದ ತಲೆಗಾಗಿ ಸುತ್ತ ನೋಡಿದರು. ಆ ಕೋಣೆಯಲ್ಲಿ ಒಣಗಿದ ಹುಲ್ಲಿನ ಹಾಗಿದ್ದ ತಲೆ ನನ್ನದೊಂದೇ.

ಹೀಗೆ ಯಾರೂ ಎಣ್ಣೆ ಹಚ್ಚದ ಪುಣ್ಯದಿಂದ ನಾನೂ ಆ ಕುರ್ಚಿಯ ಮೇಲೆ ಕೂತೆ. ಸುಳ್ಳೇಕೆ, ಹಿಗ್ಗಿದೆ. ನನ್ನ ತಲೆಯಲ್ಲಿ ಏನೇನಿದೆಯೋ ಎಲ್ಲ ಬಂದೀತೆಂದು ಹೆದರಿದೆ ಕೂಡ. ತುಪ್ಪದ ಲೆಕ್ಕ, ಕೂದಲಿನ ಉದ್ದ, ಆಡೂರಿನ ಹುಡುಗಿ. ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡೆ, ಒಳಗೆ ಅದಾದರೂ ಕಾಣಲೆಂದು.

ಯಂತ್ರ ಸರಿಯಾಗಿಯೇ ಇತ್ತು. ಮುಳ್ಳುಗಳು ನನ್ನ ತಲೆಗೂ ಅಲ್ಲಾಡಿದವು. ಅಲ್ಲಾಡಿದವು ಅಷ್ಟೇ. ಇರುವೆ ಸಾಲು ಹೋದಂತೆ ಒಂದು ಸಣ್ಣ ನಡುಕದ ಗೆರೆ.

"ಇಷ್ಟೇ ಏನ್ರಿ?" ಎಂದು ಕೇಳಿಯೇಬಿಟ್ಟೆ.

ಡಾಕ್ಟರಬಾಯಿ ನಕ್ಕರು. "ನಿಮ್ಮ ಬುರುಡಿ ಎಲುಬು ಮಂದ ಇರಬೇಕು. ಕೆಲವರದು ಹಂಗಿರ್ತದ."

ಬಾಗಿಲಾಚೆ ನಿಂತಿದ್ದ ಮೈದುನ ಈ ಒಂದು ಮಾತನ್ನು ಚೆನ್ನಾಗಿ ಕೇಳಿಸಿಕೊಂಡ. ನಮ್ಮ ಕಡೆ ಮಂದವೆಂದರೆ ದಪ್ಪ ಎಂದೂ ಆಗುತ್ತದೆ, ದಡ್ಡ ಎಂದೂ ಆಗುತ್ತದೆ. ಅವನ ಮೀಸೆಯ ಕೆಳಗೆ ಎರಡನೆಯ ಅರ್ಥ ಅಲ್ಲಾಡುತ್ತಿದ್ದುದನ್ನು ನಾನು ಕಂಡೆ.

ತಲೆ ತೊಳೆದುಕೊಂಡು ನಾಳೆ ಬನ್ನಿ ಎಂದರು. ಇಳಿದುಕೊಂಡಿದ್ದ ಛತ್ರದ ಬಚ್ಚಲಲ್ಲಿ ನಾನು ಸೀಗೆಪುಡಿ ಕಲಸಿ ಅವಳ ತಲೆ ತಿಕ್ಕಿದೆ. ಎಣ್ಣೆ ಬಿಡಲೊಲ್ಲದು. ಅತ್ತೆಯ ಪ್ರೀತಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಅದನ್ನು ಕಿತ್ತು ಹಾಕುವ ಕೆಲಸ ನನಗೆ ಬಂದಿತ್ತು, ಅದೂ ಡಾಕ್ಟರ ಅಪ್ಪಣೆಯ ಮೇಲೆ. ಕೈಗೆ ಉತ್ಸಾಹ ಹೆಚ್ಚೇ ಬಂದಿರಬೇಕು.

"ಅಕ್ಕಾ, ಮೆಲ್ಲಕ ತಿಕ್ಕ್ರಿ. ನನ್ನ ಬುರುಡಿ ನಿಮ್ಮಷ್ಟು ಮಂದ ಇಲ್ಲ," ಎಂದಳು.

ಇಬ್ಬರೂ ನಕ್ಕೆವು. ನಗುತ್ತಲೇ ಅವಳ ದನಿ ಬದಲಾಯಿತು. ಕೂದಲು ಮುಖವನ್ನು ಮುಚ್ಚಿತ್ತು.

"ಯಂತ್ರದಾಗ ಏನೂ ಬರಲಿಲ್ಲಂದ್ರ ಏನ ಮಾಡ್ಲಿ? ಎಲ್ಲಾರೂ ರೋಗ ಹೋಗಲಿ ಅಂತ ದೇವರಿಗೆ ಬೇಡತಾರ. ನಾ ಬರಲಿ ಅಂತ ಬೇಡಾಕತ್ತೇನಿ ನೋಡ್ರಿ."

ನಾನು ಇನ್ನೊಂದು ತಂಬಿಗೆ ನೀರು ಹಾಕಿದೆ. ಅಷ್ಟು ಕೂದಲಿರುವವಳಿಗೂ ಇಂಥ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಮರುದಿನ ಬಟ್ಟಲುಗಳು ಗಟ್ಟಿಯಾಗಿ ಕೂತವು. ಅವಳ ಗೆರೆಗಳು ಕೆರೆಯ ಅಲೆಯಂತೆ ಎತ್ತರಕ್ಕೆದ್ದವು, ಸಾಲಾಗಿ ಬಂದವು. ಯಂತ್ರ ನಡೆಸುವವರು ಕೂಡ, "ಎಷ್ಟು ಚೆಂದ ಬರ್ತಾ ಇದೆ," ಎಂದರು. ಅಲೆಯಲ್ಲೂ ಅವಳದೇ ಮೇಲು! ನಾನು ಗೋಡೆ ನೋಡಿದೆ. ಆದರೆ ಆ ಚೆಂದದಲ್ಲೇ ಕೇಡಿತ್ತು. ಡಾಕ್ಟರಬಾಯಿ ಕಾಗದವನ್ನು ಮಡಿಕೆ ಮಡಿಕೆಯಾಗಿ ತಿರುವಿ ನೋಡಿ, ರೋಗದ ಗುರುತು ಎಲ್ಲೂ ಇಲ್ಲ ಎಂದರು. ನೆಗೆಣ್ಣಿ ನನ್ನ ಕೈ ಹಿಡಿದಳು.

"ಹಂಗಾದ್ರ ಇದು ಸೋಗೇನ್ರಿ?" ಎಂದೆ. ಕೇಳಬಾರದಿತ್ತೇನೋ, ಆದರೆ ಮನೆಯಲ್ಲಿ ಕೇಳುವುದು ಅದನ್ನೇ.

"ಯಾರಂದ್ರು?" ಡಾಕ್ಟರಬಾಯಿ ಕನ್ನಡಕ ತೆಗೆದರು. "ನೋಡ್ರಿ, ಮಿದುಳು ಅಲ್ಲೆಲ್ಲೋ ಒಳಗ ಅದ. ಅದರ ಸುತ್ತ ನೀರು. ನೀರಿನ್ಯಾಗ ಕರೆಂಟು ಸರಳ ಹರೀತದ. ಅದರ ಮ್ಯಾಲೆ ಎಲುಬು. ಎಲುಬು ತಡೀತದ. ತಡದ್ರ ಅದು ಆ ಕಡೆ ಈ ಕಡೆ ಹರಡಿಕೋತ ಬರ್ತದ. ಅದರ ಮ್ಯಾಲೆ ತೊಗಲು. ನಮ್ಮ ಬಟ್ಟಲ ಮುಟ್ಟೂದರಾಗ ಅದು ಸಣ್ಣಾಗಿ, ಒಂದರಾಗ ಒಂದು ಕಲಸಿರ್ತದ. ಮ್ಯಾಲಿನ ಕಡೆ ಭಾಳಷ್ಟು ಜಾಗ ಕೂಡಿ ಮಿಡದ್ರ ನಮಗ ಕಾಣಸ್ತದ. ಕೆಳಗ, ಒಳಗ ಎಲ್ಲೋ ಒಂದು ಸಣ್ಣ ಜಾಗದಾಗ ಕಿಡಿ ಹಾರಿದ್ರ ಕಾಣಸೂದಿಲ್ಲ. ನಾವು ನೋಡೂ ಹೊತ್ತಿನ್ಯಾಗ ಅದು ಸುಮ್ನಿದ್ರಂತೂ ಮುಗೀತು. ಕಾಗದದ ಮ್ಯಾಲೆ ಇಲ್ಲ ಅಂದ್ರ ತಲಿಯೊಳಗೂ ಇಲ್ಲ ಅಂತ ಅಲ್ಲ. ಇಕಿಗೆ ಬರೂದನ್ನ ಕಣ್ಣಾರೆ ನೋಡಿದವರು ಯಾರಿದ್ದೀರಿ?"

ಮೈದುನ ತಲೆ ತಗ್ಗಿಸಿದ. ಅವನು ಹೆಂಡತಿಯನ್ನು ನೋಡುತ್ತಿದ್ದುದು ಪ್ರೀತಿಯಿಂದ. ಪ್ರೀತಿಯಿಂದ ನೋಡುವವರಿಗೆ ಎಲ್ಲವೂ ಚೆಂದವೇ, ಬೇರೇನೂ ಕಾಣುವುದಿಲ್ಲ. ನಾನು ಬಾಯಿ ತೆರೆದೆ. ಎಡಗೈ, ಸೆರಗಿನ ಅಂಚು, ತುಟಿ ಚಪ್ಪರಿಸುವುದು, ಗೋಡೆ ನೋಡುವ ಕಣ್ಣು, ಹೊಟ್ಟೆಯಿಂದ ಏಳುವುದು, ಆಮೇಲೆ ಎಲ್ಲಿದ್ದೇನೆಂದು ತಿಳಿಯದಿರುವುದು. ಮಜ್ಜಿಗೆಯ ದಿನ, ಹಿತ್ತಲಿನ ದಿನ, ಶಿಗ್ಗಾವಿಯ ದಿನ. ಒಂದನ್ನೂ ಬಿಡಲಿಲ್ಲ. ಡಾಕ್ಟರಬಾಯಿ ಬರೆಯುತ್ತ ಬರೆಯುತ್ತ ನಿಲ್ಲಿಸಿ ನನ್ನನ್ನು ನೋಡಿದರು.

"ಯಂತ್ರಕ್ಕಿಂತ ಛಲೋ ನೋಡೀರಲ್ರಿ! ಎಷ್ಟು ಕಾಳಜಿ ನಿಮಗ!"

ಕಾಳಜಿ! ಅವರು ಮೂರ್ಛೆರೋಗವೆಂದೇ ತೀರ್ಮಾನಿಸಿ ಗುಳಿಗೆ ಬರೆದುಕೊಟ್ಟರು.

ಹಾನಗಲ್ಲಿಗೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ. "ಯಂತ್ರದಾಗ ಏನ ಬಂತು?" ಎಂದರು ಅತ್ತೆ. ಮೈದುನ ಸುಳ್ಳು ಹೇಳಿ ಗೊತ್ತಿಲ್ಲದವನು.

"ಏನೂ ಬರಲಿಲ್ಲವಾ. ಆದ್ರ..."

"ಆತಲ್ಲ, ಮತ್ತ್ಯಾಕ ಆದ್ರ? ನಾಳಿ ಮುಂಜಾನಿ ಬಸ್ಸಿಗೆ ಸವಣೂರಿಗೆ ಕರಕೊಂಡು ಹೋಗು."

ನೆಗೆಣ್ಣಿ ಅಳಲಿಲ್ಲ. ಗಂಟನ್ನು ಬಿಚ್ಚದೆ ಕಂಬದ ಪಕ್ಕ ಇಟ್ಟು ನಿಂತಳು. ಆ ಗಂಟು ನೋಡಿ ನನಗೇನಾಯಿತೋ ತಿಳಿಯದು. ಸವಣೂರಿನ ಎಲೆ ಇನ್ನು ಬರುವುದಿಲ್ಲ, ಸೀನು ಮಾತ್ರ ಉಳಿಯುತ್ತದೆ. ಇದಕ್ಕೇ ಅಲ್ಲವೇ ಇಷ್ಟು ವರ್ಷ ಕಾದದ್ದು? ಆದರೆ ಆಡೂರಿನ ಹುಡುಗಿ ಬಂದು ಅವಳ ಕೂದಲು ಇನ್ನೂ ಉದ್ದವಿದ್ದರೆ ಎಂಬ ಚಿಂತೆಯೂ ಅದೇ ಗಳಿಗೆಯಲ್ಲಿ ಹೊಳೆಯಿತು. ಈ ಹೊಟ್ಟೆಕಿಚ್ಚಾದರೆ ಒಗ್ಗಿಹೋಗಿದೆ. ಹೊಸದನ್ನು ಮೊದಲಿನಿಂದ ಶುರುಮಾಡಬೇಕು.

"ಅತ್ತಿ, ಒಂದೀಟ ಒಳಗ ಬರ್ರಿ," ಎಂದೆ.

ಒಳಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಮೈದುನನ ಬ್ಯಾಟರಿ ದೀಪ ಹಚ್ಚಿ ನೆಲದ ಮೇಲೆ ನಿಲ್ಲಿಸಿ, ಎರಡು ಕಡೆ ಮಣೆಯಿಟ್ಟು ಮೇಲೆ ನಾನೇ ಹೊಲಿದ ಕೌದಿಯ ಒಂದು ಪದರು ಹೊದಿಸಿದೆ. ಕೌದಿಯ ಮೇಲೆ ಬೆಳಕು ಕಲೆಯಂತೆ ಹರಡಿತು.

"ಬೆಳಕು ಕಾಣತೈತೇನ್ರಿ?"

"ಕಾಣತೈತಿ. ಅದಕ್ಕೇನು?"

ಕೌದಿಯನ್ನು ಮಡಚಿ ಎರಡು ಪದರು ಮಾಡಿದೆ. ಕಲೆ ದೊಡ್ಡದಾಯಿತು, ಮಬ್ಬಾಯಿತು. ಅದರ ಕೆಳಗೆ ಬ್ಯಾಟರಿ ಎಲ್ಲಿದೆಯೆಂದು ಹೇಳುವಂತಿರಲಿಲ್ಲ. ಮತ್ತೆ ಮಡಚಿದೆ. ಏನೂ ಕಾಣಲಿಲ್ಲ.

"ಈಗ ಬ್ಯಾಟರಿ ಆರೇತೇನ್ರಿ?"

ಅತ್ತೆ ಕೌದಿಯ ಮೂಲೆ ಎತ್ತಿ ನೋಡಿದರು. ಉರಿಯುತ್ತಿತ್ತು.

"ತಲಿ ಬುರುಡೀನೂ ಹಿಂಗಽ ಅಂತ್ರಿ. ಒಳಗ ಕಿಡಿ ಹಾರಿದ್ರೂ ಮ್ಯಾಲೆ ಬರೂದಿಲ್ಲಂತ. ನನ್ನ ತಲಿಗೂ ಯಂತ್ರ ಹಚ್ಚಿದ್ರು. ನನ್ನ ಎಲುಬು ಮಂದ, ಅದಕ್ಕ ಗೆರಿ ಸಣ್ಣ ಬಂತು. ಹಂಗಂತ ನನ್ನ ತಲ್ಯಾಗ ಏನೂ ಇಲ್ಲೇನ್ರಿ?"

"ಅದನ್ನ ತಿಳಕೊಳ್ಳಾಕ ನನಗ ಯಂತ್ರ ಬೇಕಾಗಿದ್ದಿಲ್ಲ," ಎಂದರು ಅತ್ತೆ. ಬಾಗಿಲಲ್ಲಿ ಮೈದುನ ಕೆಮ್ಮಿದ. ಅತ್ತೆ ಮಾತ್ರ ನಗಲಿಲ್ಲ. ಕೌದಿಯನ್ನೇ ನೋಡುತ್ತಿದ್ದರು. "ಅಲ್ಲ, ಹಂಗಾದ್ರ ಯಾರ ಬೇಕಾದ್ರೂ ಸೋಗು ಹಾಕಿ, ಒಳಗ ಐತಿ, ಕೌದಿ ಮಂದ ಐತಿ ಅನಬೌದಲ್ಲ?"

ಅತ್ತೆ ದಡ್ಡರಲ್ಲ. ಆ ಪ್ರಶ್ನೆ ಡಾಕ್ಟರಬಾಯಿಯ ಮುಂದೆ ನನಗೇ ಹೊಳೆದಿರಲಿಲ್ಲ.

"ಸೋಗು ಹಾಕಾವ್ರು ದಿನಾ ಒಂದೊಂದ ನಮೂನಿ ಹಾಕತಾರ್ರಿ. ಇಕಿದು ಪ್ರತಿ ಸಲ ಅದಽ ಎಡಗೈ, ಅದಽ ಸೆರಗು, ಅದಽ ತುಟಿ. ಯಾರೂ ನೋಡದಾಗೂ ಹಂಗಽ. ನಾ ಮರಿಗೆ ನಿಂತು ನೋಡೇನ್ರಿ. ದಿನಾ ನೋಡೇನಿ."

ಅತ್ತೆ ಕೌದಿ ಬಿಟ್ಟು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಅಂಥ ನೋಟಕ್ಕೆ ಯಾವ ಎಲುಬೂ ಅಡ್ಡ ಬರುವುದಿಲ್ಲ.

"ನಿನಗ ಅಕಿನ್ನ ಕಂಡ್ರ ಆಗೂದಿಲ್ಲ," ಎಂದರು.

ನಾನು ಕೌದಿಯ ಮಡಿಕೆ ಬಿಚ್ಚತೊಡಗಿದೆ.

"ಅಕಿ ತಾಟಿಗೆ ನಾ ತುಪ್ಪ ಹಾಕಿದ್ರ ನಿನ್ನ ಕಣ್ಣ ಎಲ್ಲಿರ್ತಾವು ಅಂತ ನನಗ ಗೊತ್ತಿಲ್ಲೇನು? ಅಂಥಾ ನೀನಽ ಬಂದು ಅಕಿಗೆ ರೋಗ ಐತಿ, ಸೋಗಲ್ಲ ಅಂತ ಹೇಳಾಕತ್ತಿ ಅಂದ್ರ..." ಅತ್ತೆ ಮಂಡಿಗೆ ಕೈಕೊಟ್ಟು ಎದ್ದರು. "ಖರೇನಽ ಇರಬೇಕು. ಏ ಸಣ್ಣಾಕಿ, ಗಂಟು ಬಿಚ್ಚು. ಗುಳಿಗಿ ಎಲ್ಲಿ ಅದಾವು ತೋರ್ಸು."

ಕಂಬದ ಹತ್ತಿರ ನೆಗೆಣ್ಣಿ ಗಂಟಿನ ಮೇಲೆ ಕುಸಿದು ಕೂತು ಆಗ ಅತ್ತಳು. ಬ್ಯಾಟರಿ ಆರಿಸಲು ಎಲ್ಲರೂ ಮರೆತರು. ಸೆಲ್ಲು ತೀರಿಹೋದದ್ದಕ್ಕೆ ಆಮೇಲೆ ನನ್ನನ್ನೇ ಬೈದರು.

ಗುಳಿಗೆ ಹಿಡಿಯಿತು. ನಿಧಾನವಾಗಿ, ಆದರೆ ಹಿಡಿಯಿತು. ಸೆರಗಿನ ಅಂಚು ಅದರ ಪಾಡಿಗೆ ಉಳಿಯಿತು. ಒಲೆಯ ಮುಂದೆ ಅವಳನ್ನು ಒಬ್ಬಳನ್ನೇ ಬಿಡಬಾರದೆಂದು ಡಾಕ್ಟರಬಾಯಿ ಹೇಳಿದ್ದರಿಂದ ಅವಳನ್ನು ನೋಡುತ್ತ ಕೂರುವ ಕೆಲಸವನ್ನು ಅತ್ತೆ ಅಧಿಕೃತವಾಗಿ ನನಗೇ ಒಪ್ಪಿಸಿದರು. "ಹೆಂಗೂ ರೂಢಿ ಐತಿ," ಎಂದರು. ಕದ್ದು ನೋಡುವುದರಲ್ಲಿದ್ದ ರುಚಿ ಅಪ್ಪಣೆಯಾದ ಮೇಲೆ ಅರ್ಧ ಹೋಯಿತು. ಈಗ ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಡದಿದ್ದರೆ ಅದು ಖರೆ ಸೊಕ್ಕು, ಅನುಮಾನವೇ ಬೇಡ.

ನನ್ನ ಮಂದ ತಲೆಯ ಸುದ್ದಿ ಮಾತ್ರ ನಮಗಿಂತ ಬೇಗ ಊರು ಸುತ್ತಿತು. ಉಪ್ಪು ಹೆಚ್ಚಾದರೆ, ಹಾಲು ಒಡೆದರೆ, "ಪಾಪ, ಯಂತ್ರದಾಗ ಬಂದೈತಲ್ಲ," ಎನ್ನುತ್ತಿದ್ದರು. ಹಿರೇಕೆರೂರಿನಿಂದ ಬಂದ ನನ್ನ ಅಪ್ಪನಿಗೂ ಯಾರೋ ಹೇಳಿದರು. ಅವರು ಮೆಣಸಿನಕಾಯಿಯ ಚೀಲ ಇಳಿಸಿ ನನ್ನ ತಲೆ ನೇವರಿಸಿ ನಿಟ್ಟುಸಿರುಬಿಟ್ಟರು.

ಆ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಎಣ್ಣೆಯ ತಂಬಿಗೆ ತಂದು ಪಡಸಾಲೆಯಲ್ಲಿ ಕೂತರು. ನೆಗೆಣ್ಣಿ ಎಂದಿನಂತೆ ಜಡೆ ಬಿಚ್ಚುತ್ತ ಎದ್ದಳು.

"ನೀ ಅಲ್ಲ, ದೊಡ್ಡಾಕಿ ಬರಲಿ," ಎಂದರು ಅತ್ತೆ.

ನಾನು ಹೋಗಿ ಮುಂದೆ ಕೂತೆ. ಏನೋ ಬೈಗುಳ ಕಾದಿದೆ ಎಂದೇ ಎಣಿಸಿ ಬೆನ್ನು ಬಿಗಿಹಿಡಿದಿದ್ದೆ. ನೆತ್ತಿಯ ಮೇಲೆ ತಣ್ಣಗೆ ಎಣ್ಣೆ ಸುರಿಯಿತು. ಆಮೇಲೆ ಆ ಕೈ. ನಾನು ತಿಳಿದಿದ್ದಕ್ಕಿಂತ ಒರಟಾಗಿತ್ತು, ಬಿಸಿಯಾಗಿತ್ತು. ತಿಕ್ಕಿದರು, ತಟ್ಟಿದರು, ಮತ್ತೆ ಸುರಿದರು.

"ಮಂದ ಐತಿ, ಲಗೂನ ಒಳಗ ಇಳಿಯೂದಿಲ್ಲ. ಜಾಸ್ತಿನಽ ಹಾಕಬೇಕು," ಎಂದರು.

ಕಂಬಕ್ಕೊರಗಿ, ಬಿಚ್ಚಿದ ಜಡೆಯನ್ನು ಕೈಯಲ್ಲಿ ಹಿಡಿದು ನೆಗೆಣ್ಣಿ ನಿಂತಿದ್ದಳು. ಅವಳ ಕಣ್ಣು ತಂಬಿಗೆಯ ಮೇಲಿತ್ತು.

"ನನಗ ಇಷ್ಟು ಯಾವತ್ತೂ ಹಾಕಿದ್ದಿಲ್ರಿ, ಅತ್ತಿ," ಎಂದಳು.

ಆ ದನಿಯ ಗುರುತು ನನಗೆ ಚೆನ್ನಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಎಣ್ಣೆ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು.